ತಿಂದು ಹೇಳುವ ಆಜ್ಞೆ

ನಾನು ಪ್ರೋಗ್ರಾಮ್ ಬರೆಯುವವಳಲ್ಲ; ಬರೆದವರು ಏನು ಬರೆದಿದ್ದಾರೆಂದು ಜನರಿಗೆ ಬಿಡಿಸಿ ಹೇಳುವ ಕೈಪಿಡಿ ಬರೆಯುವವಳು. ಎರಡು ಸಾವಿರದ ಇಸವಿ ದಾಟಿದ ಹೊಸತು. ಮೈಸೂರಿನ ಸಿದ್ಧಾರ್ಥನಗರದ ಒಂದು ಮಹಡಿ ಮನೆಯಲ್ಲಿ ನಮ್ಮ ಪುಟ್ಟ ಕಂಪನಿ. ಪ್ರೊಬೇಷನ್ ಮುಗಿಯಲು ಒಂದು ವಾರವಿತ್ತು. ಕೊನೆಯ ಅಧ್ಯಾಯ ಒಪ್ಪಿಗೆಯಾದರೆ ಕೆಲಸ ಖಾಯಂ, ಇಲ್ಲದಿದ್ದರೆ ಮನೆ. ಅಮ್ಮನೋ, ಕೃಷ್ಣಮೂರ್ತಿಪುರಂನ ನಮ್ಮ ಬೀದಿಗೆಲ್ಲ ಆಗಲೇ "ಖಾಯಂ ಆಯ್ತು ಕಣ್ರೀ" ಎಂದು ಸಾರಿಬಿಟ್ಟಿದ್ದಳು.

ಡೇಟಾಬೇಸಿಗೆ ಒಂದು ಕೆಲಸ ಹೇಳಿದರೆ ಅದು ಯಾವ ದಾರಿ ಹಿಡಿಯುತ್ತದೆ, ಇಡೀ ಪಟ್ಟಿ ಓದುತ್ತದೋ, ಸೂಚಿ ನೋಡಿ ನೇರ ಹೋಗುತ್ತದೋ ಎಂದು ಅದೇ ಒಂದು ವರದಿ ಕೊಡುತ್ತದೆ. ಆ ವರದಿ ಓದುವುದು ಹೇಗೆಂಬುದೇ ನನ್ನ ಅಧ್ಯಾಯ. ಅದಕ್ಕೆ ಎರಡು ಆಜ್ಞೆಗಳಿದ್ದವು. ಒಂದರಲ್ಲಿ ಎಷ್ಟು ಸಾಲು ಸಿಗಬಹುದೆಂಬ ಬರೀ ಅಂದಾಜು. ಇನ್ನೊಂದರಲ್ಲಿ ಅಂದಾಜಿನ ಪಕ್ಕದಲ್ಲೇ ನಿಜವಾದ ಸಂಖ್ಯೆಯೂ ಬರುತ್ತಿತ್ತು. ಅದು ಎಲ್ಲಿಂದ ಬರುತ್ತದೆ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ, ದಡ್ಡಿ!

ಉದಾಹರಣೆಗೆ ಆಫೀಸಿನ ಸಿಬ್ಬಂದಿ ಪಟ್ಟಿ ಹಿಡಿದೆ. ಬರೀ ವರದಿ ತಾನೇ ಎಂದು "ಮೈಸೂರಿನಲ್ಲಿರುವವರನ್ನು ಅಳಿಸು" ಎಂಬ ಕೆಲಸಕ್ಕೆ ಎರಡನೆಯ ಆಜ್ಞೆ ಹಚ್ಚಿ ಕೊಟ್ಟೆ. ವರದಿ ಬಂತು. ಅಬ್ಬಾ, ಎಷ್ಟು ಅಚ್ಚುಕಟ್ಟು! ಅಂದಾಜು: ಒಬ್ಬರು. ನಿಜ: ಇಪ್ಪತ್ತಮೂರು ಮಂದಿ. ಕಂಪನಿಯಲ್ಲಿ ಇದ್ದದ್ದೇ ಅಷ್ಟು ಜನ. ಖುಷಿಯಿಂದ ಪ್ರಿಂಟ್ ತೆಗೆದೆ.

ಊಟದ ಹೊತ್ತಿಗೆ ಗುಲ್ಲೆದ್ದಿತು. ಪಟ್ಟಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಹಿರಿಯ ಇಂಜಿನಿಯರ್ ನನ್ನ ಪ್ರಿಂಟ್ ನೋಡಿ ಹಣೆ ಚಚ್ಚಿಕೊಂಡರು. ಆಮೇಲೆ ನನ್ನ ಬುತ್ತಿ ಡಬ್ಬಿಯನ್ನೇ ಎಳೆದುಕೊಂಡರು.

"ಇಡ್ಲಿ ಎಂಗೆ ತಿಂತೀರಾ ಹೇಳಿ ಅನ್ನೋದು ಮೊದಲನೇ ಆಜ್ಞೆ. ತಿಂದ್ಬುಟ್ಟು ಹೇಳಿ ಅನ್ನೋದು ಎರಡನೇದು." ಹೇಳುತ್ತಲೇ ಡಬ್ಬಿಯಲ್ಲಿದ್ದ ನಾಲ್ಕು ಇಡ್ಲಿಯನ್ನೂ ಮುಗಿಸಿದರು. "ನಾಲ್ಕು ಇಡ್ಲಿ, ಮೂರು ನಿಮಿಷ. ವರದಿ ಸರಿಯಾಗಿದೆ ಕಣಮ್ಮ. ಇಡ್ಲಿ ಎಲ್ಲಿ?"

ಅಳು ಬಂತು. ಕೆಲಸಕ್ಕೂ ಇಡ್ಲಿಗೂ ಸೇರಿಸಿಯೇ ಅತ್ತೆ.

ಪ್ರಿಂಟ್ ಹಿಡಿದು ಕಂಪನಿಯ ಯಜಮಾನರ ಕೋಣೆಗೆ ಹೋದೆ. "ನನ್ನ ಕೆಲಸದಿಂದ ತೆಗೆದ್ಬುಡಿ ಸಾರ್" ಎಂದು ನಾನೇ ಹೇಳಿದೆ.

"ಎಲ್ಲಿಂದ ತೆಗೀಲಮ್ಮ? ಪಟ್ಟಿಲಿ ನೀವೇ ಇಲ್ಲ. ನಾನೂ ಇಲ್ಲ!" ಎಂದು ಅವರು ಹೊಟ್ಟೆ ಹಿಡಿದು ನಕ್ಕರು. "ಹಾಜರಿ ಪುಸ್ತಕ ನೋಡ್ಕೊಂಡು ಎಲ್ರನ್ನೂ ವಾಪಸ್ ಟೈಪ್ ಮಾಡಿ. ಅದಕ್ಕೆ ಮುಂಚೆ, ಎರಡನೇ ಆಜ್ಞೆ ಕೆಲಸಾನ ನಿಜವಾಗ್ಲೂ ಮಾಡ್ಬುಡುತ್ತೆ ಅಂತ ಅಧ್ಯಾಯದ ಮೊದಲಲ್ಲೇ ದಪ್ಪಕ್ಷರದಲ್ಲಿ ಬರೀರಿ. ನೋಡಿ, ಆ ವಾಕ್ಯ ಓದಿದ ಯಾರಿಗೂ ಇನ್ನೊಂದ್ಸಲ ಹೇಳ್ಬೇಕಾಗಲ್ಲ."

ಎಚ್ಚರಿಕೆ ಬರೆದು ಅವರ ಮೇಜಿನ ಮೇಲಿಟ್ಟೆ. ಆಮೇಲೆ ಇಪ್ಪತ್ತೆರಡು ಜನರನ್ನು ಟೈಪ್ ಮಾಡಿದೆ. ಕೊನೆಗೆ ಉಳಿದದ್ದು ನಾನು. ನನ್ನ ಹೆಸರಿನ ಮುಂದೆ ಖಾಯಂ ಎನ್ನಲೋ ತಾತ್ಕಾಲಿಕ ಎನ್ನಲೋ ತಿಳಿಯದೆ ಬಾಗಿಲಲ್ಲಿ ನಿಂತು ಕೇಳಿದೆ.

"ಖಾಯಂ ಅಂತ್ಲೇ ಹಾಕಿ," ಎಂದರು ಯಜಮಾನರು, ಎಚ್ಚರಿಕೆಯ ಹಾಳೆಯಿಂದ ತಲೆಯೆತ್ತದೆ.

ಒಂದು ಸಾಲು ಸೇರಿದೆ ಎಂದಿತು ಕಂಪ್ಯೂಟರು. ನಿಜವಾಗಿಯೂ ಸೇರಿದೆಯೇ ಎಂದು ಮೂರು ಸಲ ತೆರೆದು ನೋಡಿಕೊಂಡು, ಆಮೇಲೆಯೇ ಮನೆಗೆ ಹೊರಟೆ.