ಪರಸವ್ವನ ಬಲಗೈ

ಇಬ್ರಾಹಿಂಪುರದ ರೈಲ್ವೆ ಗೇಟಿನ ಈಚೆಗಿರುವ ನಮ್ಮ ಓಣಿಗೆ ಅಲಾರಂ ಬೇಕಾಗಿಲ್ಲ. ಬೆಳಗಾಗುವ ಮುಂಚೆಯೇ ಪರಸವ್ವನ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಶುರುವಾಗುತ್ತದೆ. ಆ ಸಪ್ಪಳಕ್ಕೂ ಏಳದವರು ಇಡೀ ಓಣಿಯಲ್ಲಿ ಒಬ್ಬರೇ, ನಮ್ಮ ಮನೆಯವರು. ಯಾವುದೋ ದೇಶದವರ ಫುಟ್‌ಬಾಲ್ ನೋಡುತ್ತ ಕುಳಿತರೆಂದರೆ ಮರುದಿನ ಬ್ಯಾಂಕಿಗೆ ಹೋಗುವ ಹೊತ್ತಿಗೆ ಕಣ್ಣು ಕೆಂಡ. ಆ ಆಟದ ವಿಷಯದಲ್ಲಿ ನನ್ನ ತಿಳಿವಳಿಕೆ ಇಷ್ಟೇ: ಚೆಂಡು ಬಲೆಯೊಳಗೆ ಹೋದರೆ ಒಬ್ಬರಿಗೆ ಖುಷಿ, ಇನ್ನೊಬ್ಬರಿಗೆ ಸಂಕಟ. ಪರಸವ್ವನ ಮಗಳು ಗೋಲ್‌ಕೀಪರ್ ಆಗಿರದಿದ್ದರೆ ಇಷ್ಟನ್ನೂ ತಿಳಿದುಕೊಳ್ಳುವ ಗೋಜಿಗೆ ನಾನು ಹೋಗುತ್ತಿರಲಿಲ್ಲ.

ನಾನು ಬಬಲೇಶ್ವರದ ಶಾಲೆಯೊಂದರಲ್ಲಿ ಶಿಕ್ಷಕಿ. ದಿನಾ ಬಸ್ಸಿಗೆ ಹೊರಡುವ ಮುಂಚೆ ಪರಸವ್ವನ ಮನೆಗೆ ಹೋಗಿ ಡಬ್ಬಿಗೆ ರೊಟ್ಟಿ ಹಾಕಿಸಿಕೊಳ್ಳುತ್ತೇನೆ. ಅವಳ ಗಂಡ ದೇವಾನಂದ ಟಂಟಂ ಆಟೋ ಓಡಿಸುತ್ತಾನೆ. ಬಸ್ ಸ್ಟ್ಯಾಂಡಿನವರೆಗೆ ನನಗೆ ಅವನ ಗಾಡಿಯೇ. ಬಬಲೇಶ್ವರದ ಸಂತೆಗೆ ಒಳ್ಳೆಯ ಬಿಳಿಜೋಳ ಬಂದಿದೆಯೋ ಇಲ್ಲವೋ ನೋಡಿಕೊಂಡು ಬಂದು ಹೇಳುವುದು ನನ್ನ ಕೆಲಸ. ಆದರೆ ನಾನು ಚೆನ್ನಾಗಿದೆ ಅಂದ ಜೋಳವನ್ನು ಪರಸವ್ವ ಇವತ್ತಿನವರೆಗೆ ಹಾಗೇ ಕೊಂಡಿಲ್ಲ. ತಾನೇ ಹೋಗಿ ನಾಲ್ಕು ಕಾಳು ಹಲ್ಲಿಗೆ ಹಾಕಿ ಕಡಿದು ನೋಡಿದರೇ ಅವಳಿಗೆ ಸಮಾಧಾನ.

ಅವಳು ತಿಕೋಟಾದ ಮಗಳು. ಮದುವೆಯಾಗಿ ಇಲ್ಲಿಗೆ ಬಂದು ಒಂದು ಒಲೆಯಿಂದ ಶುರು ಮಾಡಿದವಳು ಈಗ ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ರೊಟ್ಟಿ ಕೊಡುತ್ತಾಳೆ. ಜೊತೆಗೆ ಬಡಿಯಲು ಹಿಂದಿನ ಓಣಿಯ ಸಬೀರಾ ಬರುತ್ತಾಳೆ. ಒಲೆಯ ಎದುರಿನ ಗೋಡೆಯಲ್ಲಿ ಬುದ್ಧ, ಬಾಬಾಸಾಹೇಬರ ಫೋಟೋ. ಹೊಗೆ ಹಿಡಿಯಬಾರದೆಂದು ದಿನಾ ಒರೆಸುತ್ತಾಳೆ. ಮಾತು ಬಹಳ ಕಡಿಮೆ. ಸಬೀರಾ ಇಡೀ ಊರಿನ ಸುದ್ದಿ ಹೇಳಿ ಮುಗಿಸಿದರೂ ಇವಳ ಕಡೆಯಿಂದ ಬರುವುದು ಒಂದು "ಹೂಂ". ನನಗೆ ಇಂಥವರನ್ನು ಕಂಡರೆ ಆಗುವುದಿಲ್ಲ. ಆದರೂ ದಿನಾ ಅವಳ ಕಟ್ಟೆಯ ಮೇಲೆ ಕುಳಿತು ಮಾತಾಡುವುದನ್ನು ನಾನು ಬಿಟ್ಟಿಲ್ಲ.

ರೊಟ್ಟಿ ಬಡಿಯುವವರನ್ನು ನೀವು ನೋಡಿರಬಹುದು. ಬಲ ಅಂಗೈ ಬಡಿಯುತ್ತ ಬಡಿಯುತ್ತಲೇ ರೊಟ್ಟಿಯನ್ನು ತಿರುಗಿಸುತ್ತದೆ. ಎಡಗೈಯದು ಅಂಚು ಕಾಯುವ ಕೆಲಸವಷ್ಟೇ. ಎಲ್ಲವೂ ಬಲ ಮಣಿಕಟ್ಟಿನ ಆಟ. ಪರಸವ್ವನ ಬಲ ಮಣಿಕಟ್ಟು ಮಾತ್ರ ಬಗ್ಗುವುದಿಲ್ಲ. ಅಲ್ಲೊಂದು ಗಂಟು ಇದೆ. ಮೊಣಕೈಯಿಂದಲೇ ಇಡೀ ಕೈ ಎತ್ತಿ ಹಲಗೆಯ ಹಾಗೆ ಬಡಿಯುತ್ತಾಳೆ. ಏನಾಗಿದೆ ಎಂದು ಒಮ್ಮೆ ಕೇಳಿದ್ದೆ. "ಅದು ಹಂಗ ಐತ್ರಿ ಅಕ್ಕೋರ" ಎಂದು ಇನ್ನೊಂದು ಉಂಡೆ ತೆಗೆದುಕೊಂಡಳು.

ಮಗಳು ಮೇಘಾ ಉದ್ದಕ್ಕೆ ಬೆಳೆದ ಹುಡುಗಿ. ಶಾಲೆಯ ಸೂಟಿಗೆ ತಿಕೋಟಾದ ಸೋದರಮಾವ ಧೂಳಪ್ಪನ ಮನೆಗೆ ಹೋದಾಗ ಆಟ ಶುರುವಾದದ್ದು. ದ್ರಾಕ್ಷಿ ಒಣಗಿಸಿ ಮನೂಕ ಮಾಡುವ ಶೆಡ್ಡುಗಳ ಹಿಂದಿನ ಬಯಲಿನಲ್ಲಿ ಹುಡುಗರು ಫುಟ್‌ಬಾಲ್ ಆಡುತ್ತಿದ್ದರು. ಆ ಗರಸು ನೆಲದಲ್ಲಿ ಗೋಲಿಗೆ ನಿಂತು ಬೀಳಲು ಯಾವ ಹುಡುಗನೂ ತಯಾರಿರಲಿಲ್ಲ; ಸುಮ್ಮನೆ ನೋಡುತ್ತ ನಿಂತಿದ್ದ ಇವಳನ್ನು ನಿಲ್ಲಿಸಿದರು. ಆಮೇಲೆ ಇವಳ ಕೈ ದಾಟಿಸಿ ಒಂದು ಗೋಲು ಹೊಡೆಯಲು ಅದೇ ಹುಡುಗರು ಹೆಣಗಾಡಿದರು. ಅಲ್ಲಿಂದ ಕ್ರೀಡಾ ಹಾಸ್ಟೆಲ್, ರಾಜ್ಯ ತಂಡ, ದೂರದ ಊರಿನ ಕ್ಲಬ್ಬು. ಹೋದ ವರ್ಷ ಏಷ್ಯಾ ಮಟ್ಟದ ದೊಡ್ಡ ಟೂರ್ನಿಗೆ ದೇಶದ ಮಹಿಳಾ ತಂಡ ಆರಿಸುವ ಶಿಬಿರಕ್ಕೆ ಕರೆ ಬಂತು. ಐದು ಜನ ಗೋಲ್‌ಕೀಪರುಗಳಲ್ಲಿ ಮೂವರು ಹೋಗುತ್ತಾರೆ. ನಮ್ಮ ಮೇಘಾ ಆ ಮೂವರಲ್ಲಿ ಮೊದಲನೆಯವಳು ಎಂದು ನಮ್ಮ ಮನೆಯವರು ಲೆಕ್ಕ ಹಾಕಿ ಹೇಳಿದರು. ದೇವಾನಂದ ತನ್ನ ಗಾಡಿ ಹತ್ತಿದವರಿಗೆಲ್ಲ ಇದನ್ನೇ ಹೇಳಿದ. ಕೇಳದೆ ಇಳಿದು ಹೋಗಲು ಯಾರನ್ನೂ ಬಿಡಲಿಲ್ಲ.

ಅಷ್ಟರಲ್ಲಿ ಆಟ ಕೆಟ್ಟಿತು. ಕ್ಲಬ್ಬಿನ ಕೊನೆಯ ಪಂದ್ಯಗಳಲ್ಲಿ ಸುಲಭದ ಚೆಂಡುಗಳೂ ಕೈಯಿಂದ ಜಾರಿ ಒಳಗೆ ಹೋದವು. ಮೇಘಾ ಫಾರ್ಮ್ ಕಳೆದುಕೊಂಡಿದ್ದಾಳೆ ಎಂದು ಮೊಬೈಲಿನಲ್ಲಿ ಬಂದದ್ದನ್ನು ನಮ್ಮ ಮನೆಯವರು ಓದಿ ತೋರಿಸಿದರು. ಫಾರ್ಮ್ ಅಂದರೇನು, ಚಳಿಜ್ವರವೇ, ಬಂದು ಹೋಗಲು? ಇದು ದೃಷ್ಟಿಯೇ ಸೈ ಅನ್ನಿಸಿತು ನನಗೆ. ಜನವರಿಯಲ್ಲಿ, ಕೊನೆಯ ಶಿಬಿರಕ್ಕೆ ಮುಂಚೆ, ಹುಡುಗಿ ನಾಲ್ಕು ದಿನಕ್ಕೆಂದು ಮನೆಗೆ ಬಂದಾಗ ಉಪ್ಪು, ಒಣ ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದುಕೊಂಡೇ ಹೋದೆ.

ಪರಸವ್ವ ನನ್ನ ಮುಷ್ಟಿ ನೋಡಿದಳು. "ಮೆಣಸಿನಕಾಯಿ ಕೆಡಸಬ್ಯಾಡ್ರಿ ಅಕ್ಕೋರ, ತುಟ್ಟಿ ಅದಾವ. ಚಟ್ನಿಗೆ ಆಗ್ತಾವ, ಇಲ್ಲಿ ಕೊಡ್ರಿ."

ಕೊಟ್ಟು ಕುಳಿತೆ. ಮಗಳು ಮನೆಗೆ ಬಂದರೆ ತಾಯಿಯ ಅರ್ಧ ಕೆಲಸ ಅವಳದೇ. ಅಂದು ಸಬೀರಾ ಬಂದಿರಲಿಲ್ಲ. ಮೇಘಾ ರೊಟ್ಟಿಕಲ್ಲಿನ ಮುಂದೆ ಕುಳಿತು ಬಡಿಯುತ್ತಿದ್ದಳು. ಪರಸವ್ವ ಅವಳಿಗೆ ಬೆನ್ನು ಮಾಡಿ ಹಂಚಿನ ಮೇಲೆ ಬೇಯಿಸುತ್ತಿದ್ದಳು. ನಾನು ಟೂರ್ನಿ ಯಾವ ದೇಶದಲ್ಲಿ, ಅಲ್ಲಿ ಊಟಕ್ಕೆ ಏನು ಕೊಡುತ್ತಾರೆ ಎಂದು ಕೇಳುತ್ತಿದ್ದೆ. ಪರಸವ್ವ ರೊಟ್ಟಿ ತಿರುವಲು ಎತ್ತಿದ ಕೈಯನ್ನು ಹಾಗೇ ನಿಲ್ಲಿಸಿದಳು. ಹಿಂದೆ ಮಗಳು ಬಡಿಯುವ ಸಪ್ಪಳಕ್ಕೆ ಕಿವಿಗೊಟ್ಟಳು. ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಅವಳ ಕೈಯಲ್ಲಿ ರೊಟ್ಟಿ ಕರಕಾದದ್ದನ್ನು ನಾನು ಕಂಡದ್ದು ಅದೇ ಮೊದಲು.

"ಮೇಘಾ, ಆ ಹಸಿ ಅರಿವಿ ಹಿಂಡಿ ಕೊಡು."

ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುವ ಬಟ್ಟೆ. ಮೇಘಾ ಅದನ್ನು ಎಡ ಮುಷ್ಟಿಯೊಂದರಲ್ಲೇ ಹಿಚುಕಿ ಕೊಟ್ಟಳು. ನೀರು ಇನ್ನೂ ಇಳಿಯುತ್ತಿತ್ತು.

"ಯಾವಾಗಿಂದ?" ಎಂದಳು ಪರಸವ್ವ.

"ಏನ್ ಬೇ?"

"ನಿನ್ನ ಬಲಗೈ ಬಡಿಯಾಕತ್ತಿಲ್ಲ. ಎಡಗೈಲೇ ರೊಟ್ಟಿ ತಿರುವಾಕತ್ತಿ. ಯಾವಾಗಿಂದ?"

ಹುಡುಗಿ ಮೊದಲು ನಕ್ಕಳು. ತಾಯಿ ನಗಲಿಲ್ಲ. ಆಮೇಲೆ ಬಾಯಿಬಿಟ್ಟಳು. ಡಿಸೆಂಬರಿನಲ್ಲಿ ಒಂದು ಪಂದ್ಯದಲ್ಲಿ ಅಂಗೈ ಊರಿ ಬಿದ್ದಳಂತೆ. ಊತ ಇಳಿಯಿತು, ನೋವು ಇಳಿಯಲಿಲ್ಲ. ಯಾರಿಗೂ ಹೇಳದೆ ಪಟ್ಟಿ ಸುತ್ತಿಕೊಂಡು ಆಡುತ್ತಿದ್ದಾಳೆ.

"ಬಾಲ್ ಬಂದು ಬಡದ್ರ ಕಣ್ಣಾಗ ನೀರು ಬರತಾವ ಯವ್ವಾ. ಆದ್ರ ಹೇಳಂಗಿಲ್ಲ. ಫಾರ್ಮ್ ಹೋಗೈತಿ ಅಂತ ಎಲ್ಲಾರೂ ಅನ್ನಾಕತ್ತಾರಲ್ಲ, ಅನ್ನಲಿ ಬಿಡು. ಫಾರ್ಮ್ ಹೋದಾಕಿನ್ನ ಇನ್ನೊಂದ ಸಲ ನೋಡೂಣು ಅಂತ ಇಟ್ಕೊಂತಾರ. ಕೈ ಮುರದಾಕಿನ್ನ ಮನಿಗೆ ಕಳಸ್ತಾರ. ಲಿಸ್ಟ್ ಬರಲಿ, ಟೂರ್ನಿ ಮುಗೀಲಿ, ಆಮ್ಯಾಲ ತೋರಸ್ತೇನಿ."

ಪರಸವ್ವ ಒಲೆ ಸಣ್ಣ ಮಾಡಿದಳು. ಮಗಳ ಮುಂದೆ ಕುಳಿತು ತನ್ನ ಬಲಗೈ ಅವಳ ತೊಡೆಯ ಮೇಲಿಟ್ಟಳು.

"ಬಗ್ಗಸು."

"ಯಾಕ ಬೇ?"

"ಬಗ್ಗಸು ಅಂದ್ನೆಲ್ಲ."

ಮೇಘಾ ಹಿಡಿದು ಬಗ್ಗಿಸಲು ನೋಡಿದಳು. ಹುಟ್ಟಿದಾಗಿನಿಂದ ನೋಡಿದ ಕೈ ಅದು. ಉಣಿಸಿದ್ದೂ ಅದೇ, ತಲೆ ಬಾಚಿದ್ದೂ ಅದೇ. ಆದರೂ ಇಷ್ಟು ವರ್ಷ ಅದನ್ನು ಹೀಗೆ ಹಿಡಿದು ನೋಡಿರಲಿಲ್ಲ ಎಂದು ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಕೈ ಬಗ್ಗಲಿಲ್ಲ.

"ನೀ ತೊಟ್ಟಿಲದಾಗಿದ್ದಿ. ಬಚ್ಚಲದಾಗ ಜಾರಿ ಬಿದ್ದೆ. ಯಾರದೋ ಮದುವಿ ರೊಟ್ಟಿ ಒಪ್ಪಿಕೊಂಡಿದ್ದೆ. ಮದುವಿ ಮುಗೀಲಿ, ಆಮ್ಯಾಲ ತೋರಿಸಿದ್ರಾತು ಅಂದೆ. ಅಷ್ಟರಾಗ ಇನ್ನೊಂದು ಮದುವಿ ಬಂತು." ಪರಸವ್ವ ಕೈ ಹಿಂದಕ್ಕೆ ತೆಗೆದುಕೊಂಡಳು. "ನನ್ನ ರೊಟ್ಟಿ ಕಲ್ಲಿನ ಮ್ಯಾಲ ಸುಮ್ಮನ ಬಿದ್ದಿರತೈತಿ. ಮೊಣಕೈಲೇ ಬಡದ್ರೂ ನಡೀತೈತಿ. ನಿನ್ನ ಬಾಲ್ ಸುಮ್ಮನ ಬಿದ್ದಿರತೈತೇನು?"

"ನಾಕು ವರ್ಷಕ್ಕೊಮ್ಮೆ ಬರೂ ಟೂರ್ನಿ ಬೇ ಇದು! ಮುಂದ ನಾ ಎಲ್ಲಿರ್ತೇನೋ ಯಾರಿಗೆ ಗೊತ್ತು? ಅಪ್ಪಗ ಏನ್ ಹೇಳಲಿ?"

"ನಾ ಅವರಿಗೆ ಹೇಳಂಗಿಲ್ಲ. ನಿಮ್ಮ ಕೋಚಿಗೂ ಫೋನ್ ಮಾಡಂಗಿಲ್ಲ. ಕೈ ನಿಂದು, ನೀನ ವಿಚಾರ ಮಾಡು."

ಪರಸವ್ವ ಎದ್ದು ಕಲ್ಲು ತನ್ನ ಕಡೆಗೆ ಎಳೆದುಕೊಂಡಳು. ಒಂದೇ ಉಸಿರಿಗೆ ಇಷ್ಟು ಮಾತನ್ನು ಅವಳ ಬಾಯಿಂದ ನಾನು ಕೇಳಿದ್ದೇ ಇಲ್ಲ. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ತಾಯಿಯಾದವಳು ಒಂದೋ ಬೇಡ ಅನ್ನಬೇಕು, ಒಂದೋ ಹೋಗು ಅನ್ನಬೇಕು. ವಿಚಾರ ಮಾಡು ಅಂದರೆ ಇಪ್ಪತ್ತೊಂದರ ಹುಡುಗಿ ಏನು ವಿಚಾರ ಮಾಡುತ್ತಾಳೆ? ಬಬಲೇಶ್ವರ ಬರುವವರೆಗೂ ಬಸ್ಸಿನಲ್ಲಿ ಇದೇ ತಲೆಯಲ್ಲಿ. ನಿಜ ಹೇಳಬೇಕೆಂದರೆ ಹುಡುಗಿ ಹೋಗಿ ಆಡಲಿ ಎಂದೇ ನನ್ನ ಮನಸ್ಸು.

ನಾಲ್ಕನೆಯ ದಿನ ಮೇಘಾ ರೈಲು ಹತ್ತಿದಳು. ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ದೇವಾನಂದ ಸ್ಟೇಷನ್ನಿನಲ್ಲಿ ಅವಳ ಬಲಗೈಯನ್ನೇ ಹಿಡಿದು ಕುಲುಕಿ ಬೀಳ್ಕೊಟ್ಟ. ಹುಡುಗಿ ಮುಖ ಕಿವುಚದೆ ನಗುತ್ತಲೇ ಇದ್ದಳು. ಶಿಬಿರದಲ್ಲಿ ಕೈಯ ವಿಷಯ ಹೇಳುತ್ತಾಳೋ ಇಲ್ಲವೋ ನನಗೆ ಗೊತ್ತಾಗಲಿಲ್ಲ, ಪರಸವ್ವನಿಗೂ ಗೊತ್ತಿರಲಿಲ್ಲ. ಅಲ್ಲಿಂದ ಮುಂದೆ ಫೋನ್ ಬಂದಾಗಲೆಲ್ಲ ಅವಳು ಕೇಳುತ್ತಿದ್ದದ್ದು "ಉಂಡಿಯೇನು?" ಎಂಬುದೊಂದೇ. ರೊಟ್ಟಿ ಮಾತ್ರ ಆ ದಿನಗಳಲ್ಲಿ ಎರಡು ಮೂರು ಸಲ ಕರಕಾದವು.

ಇತ್ತ ನಮ್ಮ ಓಣಿಯವರಿಗೆ ಪುರುಸೊತ್ತೇ ಇಲ್ಲ. ಮೂಲೆಯಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿರುವ ಮುತ್ತು, ಮೇಘಾಳ ಆಳೆತ್ತರದ ಫೋಟೋ ಹಾಕಿ "ಓಣಿಯ ಹೆಮ್ಮೆ" ಎಂದು ಮುದ್ರಿಸಿಯೇ ಬಿಟ್ಟ. ಕೆಳಗೆ ಶುಭ ಕೋರುವವರ ಸಾಲಿನಲ್ಲಿ ಫುಟ್‌ಬಾಲನ್ನು ಕಣ್ಣಿಂದ ನೋಡದವರ ಮುಖಗಳೆಲ್ಲ ಇದ್ದವು. ಲಿಸ್ಟ್ ಬಂದ ಕೂಡಲೇ ಕಟ್ಟುವುದೊಂದೇ ಬಾಕಿ.

ಲಿಸ್ಟ್ ಒಂದು ಸಂಜೆ ಬಂತು. ನಮ್ಮ ಮನೆಯವರು ಪರಸವ್ವನ ಕಟ್ಟೆಯ ಮೇಲೆ ನಿಂತು ಮೊಬೈಲ್ ನೋಡಿ ಹೆಸರುಗಳನ್ನು ಓದಿದರು. ಗೋಲ್‌ಕೀಪರ್ ಎಂದು ಮೂರು ಹೆಸರು. ಮೂರೂ ಬೇರೆಯವರವು. ದೇವಾನಂದ ಇನ್ನೊಂದು ಸಲ ಓದಿಸಿದ. ಆಮೇಲೆ ಹೋಗಿ ಟಂಟಂನಲ್ಲಿ ಕುಳಿತ. ಚಾಲೂ ಮಾಡಲೂ ಇಲ್ಲ, ಇಳಿಯಲೂ ಇಲ್ಲ.

ಪರಸವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಯಾಕ ತಗೊಂಡಿಲ್ಲ ಅಂತ ಏನರ ಬರದಾರೇನ್ರಿ?"

ನಮ್ಮ ಮನೆಯವರು ಕೆಳಗೆ ನೋಡಿದರು. "ಗಾಯದ ಕಾರಣ ಮೇಘಾ ಲಭ್ಯರಿಲ್ಲ, ಅಂತ ಅದ."

ಪರಸವ್ವ ಕಟ್ಟೆಯ ಮೇಲೆ ಕುಸಿದು ಕುಳಿತಳು. ಹಿಟ್ಟು ಮೆತ್ತಿದ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತಳು. ನಾನು ಬೆನ್ನು ಸವರಿದೆ. "ಹೇಳ್ಯಾಳ್ರಿ ಅಕ್ಕೋರ," ಅಂದಳು. "ನನ್ನ ಮಗಳು ತಾನಾಗೇ ಹೇಳ್ಯಾಳ." ದುಃಖ ಎಷ್ಟು, ಸಮಾಧಾನ ಎಷ್ಟು ಎಂದು ನನಗೆ ತಿಳಿಯಲಿಲ್ಲ. ನಾನೂ ಅತ್ತೆ.

ಮೇಘಾ ಬಂದಾಗ ಬಲಗೈಗೆ ಪ್ಲಾಸ್ಟರ್ ಇತ್ತು. ಮಣಿಕಟ್ಟಿನ ಸಣ್ಣ ಎಲುಬು ಸೀಳಿದೆ, ಹಾಗೇ ಆಡಿದ್ದರೆ ಕೂಡುತ್ತಲೇ ಇರಲಿಲ್ಲ ಎಂದರಂತೆ ಶಿಬಿರದ ಡಾಕ್ಟರ್. ಮಾತು ಸರಿಯೇ, ಹುಡುಗಿಯ ಮುಖದಲ್ಲಿ ಮಾತ್ರ ಕಳೆ ಇರಲಿಲ್ಲ. ತಾಯಿ ಕೇಳಿದ್ದಕ್ಕಷ್ಟೇ ಉತ್ತರ. ಸಮಾಧಾನ ಹೇಳಲು ಬಂದವರಿಗೆ ಅದೂ ಇಲ್ಲ. ಫ್ಲೆಕ್ಸನ್ನು ಯಾರ ಕಣ್ಣಿಗೂ ಬೀಳದಂತೆ ಸುತ್ತಿ ಸೋದರಮಾವ ಧೂಳಪ್ಪ ತಿಕೋಟಾಕ್ಕೆ ಒಯ್ದ. ಅದೀಗ ಮನೂಕದ ಮೇಲೆ ಧೂಳು ಬೀಳದಂತೆ ಕಾಯುತ್ತಿದೆ.

ಒಂದು ಬೆಳಿಗ್ಗೆ ನಾನು ಡಬ್ಬಿ ಹಿಡಿದು ಹೋದಾಗ ಒಲೆ ಹೊತ್ತಿರಲಿಲ್ಲ. ಮೇಘಾ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಪರಸವ್ವ, "ಇಪ್ಪತ್ತು ವರ್ಷದ ಕೈ ಇದು, ಈಗೇನ್ ತೋರಸೂದು? ಖಾನಾವಳಿಯವ್ರು ಬರ್ತಾರ, ಅತ್ತಾಗ ಸರಿ" ಎನ್ನುತ್ತಿದ್ದಳು.

"ಸಬೀರಾ ಅಕ್ಕ ಮಾಡ್ತಾಳ," ಎಂದಳು ಮೇಘಾ. "ನಾ ತೋರಿಸಿದ್ನೆಲ್ಲ? ಟೂರ್ನಿ ಬಿಟ್ಟು ತೋರಿಸಿದೆ. ಈಗ ನಿನ್ನ ಪಾಳಿ. ನಡಿ."

ಪರಸವ್ವ ಸೆರಗು ಸರಿಮಾಡಿಕೊಂಡು ಹೊರಗೆ ಬಂದಳು. ನಾನು ಅಂದು ಶಾಲೆಗೆ ರಜೆ ಹಾಕಿ ಅವರ ಜೊತೆಗೇ ಹೋದೆ. ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿ ಡಾಕ್ಟರ್ ಕೇಳಿದರು, "ನೋವು ಐತೇನವ್ವಾ?"

"ಹೂಂನ್ರಿ."

"ಯಾವಾಗ ಯಾವಾಗ?"

"ದಿನಾ ಇರತೈತ್ರಿ." ಉಪ್ಪು ಸರಿಯಿದೆಯೇ ಎಂದು ಕೇಳಿದರೆ ಹೇಳುವ ಹಾಗೆ ಹೇಳಿದಳು.

ಮೇಘಾ ಎದ್ದು ಹೊರಗೆ ಹೋದಳು. ಲಿಸ್ಟ್ ಬಂದ ದಿನ ಫೋನಿನಲ್ಲೂ ಅಳದ ಹುಡುಗಿ, ಊರಿಗೆ ಬಂದು ಇಳಿದಾಗ ಅಳದ ಹುಡುಗಿ, ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು. ಎಲುಬು ಇನ್ನು ಕೂಡುವುದಿಲ್ಲ, ಆದರೆ ನೋವು ಕಡಿಮೆ ಮಾಡಬಹುದು ಎಂದರು ಡಾಕ್ಟರ್. ಪರಸವ್ವನ ಬಲಗೈಗೂ ಗಟ್ಟಿ ಪಟ್ಟಿ ಬಿತ್ತು. ಬಿಚ್ಚುವವರೆಗೆ ಅವಳು ರೊಟ್ಟಿ ಬಡಿಯುವುದು ಬಂದ್. ಹಿಂದಕ್ಕೆ ಬರುವಾಗ ಟಂಟಂನಲ್ಲಿ ತಾಯಿ ಮಗಳು ಅಕ್ಕಪಕ್ಕ ಕುಳಿತಿದ್ದರು. ಮೇಘಾ ತಾಯಿಯ ಭುಜಕ್ಕೆ ತಲೆ ಇಟ್ಟಿದ್ದಳು.

ಟೂರ್ನಿಯ ಮೊದಲ ಪಂದ್ಯವನ್ನು ನಮ್ಮ ಮನೆಯ ಟಿವಿಯಲ್ಲಿ ನೋಡುವುದೆಂದಾಯಿತು. ಮೇಘಾ ಬರುವುದಿಲ್ಲ ಎಂದಿದ್ದಳು. ಪಂದ್ಯ ಶುರುವಾಗಿ ಎಷ್ಟೋ ಹೊತ್ತಿನ ಮೇಲೆ ಬಂದು, ಬಾಗಿಲ ಹತ್ತಿರ ತಾಯಿಯ ಪಕ್ಕದಲ್ಲಿ ಕುಳಿತಳು. ಅವಳ ಜಾಗದಲ್ಲಿ ನಿಂತ ಹುಡುಗಿ ಶಿಬಿರದಲ್ಲಿ ಅವಳ ಕೋಣೆಯವಳಂತೆ. ಎಡಗಡೆಗೆ ಹಾರಲು ಅಂಜುತ್ತಾಳೆ ಎಂದು ಮೇಘಾ ಮೆಲ್ಲಗೆ ಹೇಳಿದಳು. ಎದುರಾಳಿಗಳು ಚೆಂಡು ತಂದರು. "ಎಡಕ್ಕ," ಎಂದು ಇವಳು ಇಲ್ಲಿಂದಲೇ ಒದರಿದಳು, "ಎಡಕ್ಕ ಜಿಗೀಲೇ!" ಆ ಹುಡುಗಿ ಎಡಕ್ಕೇ ಹಾರಿ ಚೆಂಡನ್ನು ಹೊರಗೆ ತಳ್ಳಿದಳು.

ನಾವೆಲ್ಲ ಎದ್ದು ಕೂಗಿದೆವು. ಮೇಘಾ ಚಪ್ಪಾಳೆಗೆಂದು ಎರಡೂ ಕೈ ಎತ್ತಿದಳು, ಒಂದರಲ್ಲಿ ಪ್ಲಾಸ್ಟರ್. ಕೈ ಹಾಗೇ ನಿಂತಿತು. ಪಕ್ಕದಲ್ಲಿದ್ದ ಪರಸವ್ವ ತನ್ನ ಎಡ ಅಂಗೈಯನ್ನು ಮಗಳ ಎಡ ಅಂಗೈಗೆ ಬಡಿದಳು. ಮೇಘಾ ತಿರುಗಿ ನೋಡಿದಳು. ಆಮೇಲೆ ಅವಳೂ ಬಡಿದಳು. ನಾವು ಕುಳಿತ ಮೇಲೂ ಇಬ್ಬರೂ ಸ್ವಲ್ಪ ಹೊತ್ತು ಹಾಗೇ ಬಡಿಯುತ್ತಿದ್ದರು.