ದೊಡ್ಡತ್ತೆಯ ರುಚಿ ಚಮಚ

ಆ ಮನೆಯಲ್ಲಿ ಅಡುಗೆ ಮಾಡಿದವರು ರುಚಿ ನೋಡುವ ಹಾಗಿರಲಿಲ್ಲ. ಒಲೆಯ ಮುಂದೆ ನಿಂತು ಬೆಂದ ನಾಲಿಗೆ ಸುಳ್ಳು ಹೇಳುತ್ತದೆ ಎಂದು ಹಿಂದೆ ಯಾವಳೋ ಗಟ್ಟಿಗಿತ್ತಿ ಅಜ್ಜಿ ಕಾನೂನು ಮಾಡಿಟ್ಟು ಹೋಗಿದ್ದಳು. ಒಲೆಯ ಪಕ್ಕದ ಮೊಳೆಗೆ ಉದ್ದ ಹಿಡಿಯ ಒಂದು ಚಮಚ ನೇತಾಡುತ್ತಿತ್ತು. ಅದನ್ನು ಮುಟ್ಟುವ ಹಕ್ಕು ಮನೆಯಲ್ಲಿ ಒಬ್ಬರಿಗೆ ಮಾತ್ರ. ಅವರು ಚಮಚ ಅದ್ದಿ, ಬಾಯಿ ಚಪ್ಪರಿಸಿ, 'ಸರಿ' ಎಂದ ಮೇಲೆಯೇ ರಾತ್ರಿಯ ಊಟ ಮೇಜಿಗೆ ಬರಬೇಕು. ಮೇಜಿನ ಮೇಲೆ ಉಪ್ಪಿನ ಡಬ್ಬಿ ಇಡುವಂತಿಲ್ಲ. ಇಟ್ಟರೆ ಚಮಚ ಹಿಡಿದವರ ಮುಖಕ್ಕೆ ಹೊಡೆದ ಹಾಗೆ.

ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ದೊಡ್ಡತ್ತೆಗೆ ಆ ಚಮಚ ಬಂದಿತ್ತು. ದೊಡ್ಡತ್ತೆ ಎಂದರೆ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತಳಾದವಳು. ಮದುವೆಯ ಗೋಜಿಗೆ ಹೋಗದೆ ತಮ್ಮನ ಸಂಸಾರದ ಜೊತೆಗೇ ಉಳಿದವಳು. ಬೋಗಿಯೊಳಗೆ ಕಾಲಿಟ್ಟ ಕೂಡಲೇ ಯಾರು ಟಿಕೆಟ್ಟಿಲ್ಲದೆ ಕೂತಿದ್ದಾರೆಂದು ಮುಖ ನೋಡಿಯೇ ಹೇಳುತ್ತಿದ್ದಳಂತೆ. ಹಾಗೆಂದು ಬೇರೆ ಯಾರೂ ಹೇಳಿದ್ದಲ್ಲ, ಅವಳೇ ಹೇಳಿಕೊಂಡದ್ದು. ಸಂಜೆಯಾದರೆ ಒಲೆಯ ಪಕ್ಕದ ಕುರ್ಚಿ ಏರಿ, ಸೌಟು ಹಿಡಿದವರನ್ನು ಗೋಳು ಹೊಯ್ದುಕೊಳ್ಳುವುದು ಅವಳ ಪರಮ ಸುಖ.

ಕಳೆದ ವರ್ಷ ಅವಳಿಗೊಂದು ಕೆಟ್ಟ ಜ್ವರ ಬಂತು. ಹೋಗುವಾಗ ನಾಲಿಗೆಯ ರುಚಿಯನ್ನೂ ಹೊತ್ತುಕೊಂಡು ಹೋಯಿತು. ಚೇತರಿಸಿಕೊಂಡ ಮೇಲೆ ಚಮಚ ಅದ್ದಿ ಬಾಯಿಗಿಟ್ಟರೆ ಬಿಸಿ ಗೊತ್ತಾಯಿತು, ಉಪ್ಪು ಗೊತ್ತಾಗಲಿಲ್ಲ. ಹಿತ್ತಿಲಿಗೆ ಹೋಗಿ ನಿಂಬೆಹಣ್ಣು ಕಚ್ಚಿದಳು. ಹುಳಿಯೂ ಇಲ್ಲ. ಇನ್ನೊಂದು ಕಚ್ಚಿದಳು. ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತಳು. ಈ ವಿಷಯ ಹೊರಬಿದ್ದರೆ ಚಮಚ ಹೋಗುತ್ತದೆ, ಚಮಚದ ಹಿಂದೆ ಕುರ್ಚಿಯೂ ಹೋಗುತ್ತದೆ; ಹಾಕಿದ್ದನ್ನು ತಿಂದುಕೊಂಡು ಮೂಲೆಯಲ್ಲಿ ಬಿದ್ದಿರುವ ಮುದುಕಿಯಾಗುತ್ತೇನೆ ಎನ್ನುವ ಭಯ ಅವಳನ್ನು ಹಿಡಿದುಕೊಂಡಿತು.

ಆದರೆ ದೊಡ್ಡತ್ತೆ ಸುಮ್ಮನೆ ಸೋಲುವವಳಲ್ಲ. ನಾಲಿಗೆ ಕೈಕೊಟ್ಟರೇನು, ಕಣ್ಣಿದೆಯಲ್ಲ! ಚಮಚ ಬಾಯಲ್ಲಿಟ್ಟುಕೊಂಡು ಅಡುಗೆ ಮಾಡಿದವರ ಮುಖ ಓದತೊಡಗಿದಳು. ತಮ್ಮನ ಹೆಂಡತಿಯಂತೂ ತೆರೆದ ಪುಸ್ತಕ. ಉಪ್ಪು ಕಡಿಮೆಯಾಗಿದ್ದರೆ ಅವಳ ಕಣ್ಣು ಉಪ್ಪಿನ ಡಬ್ಬಿಯ ಕಡೆ ಓಡುತ್ತಿತ್ತು, ಜಾಸ್ತಿಯಾಗಿದ್ದರೆ ನೀರಿನ ಕೊಡದ ಕಡೆ. "ಉಪ್ಪು ಒಂದು ಹರಳು ಕಮ್ಮಿ, ಎಲ್ಲಿಟ್ಟಿದ್ದೆ ಜ್ಞಾನ?" ಎಂದು ದೊಡ್ಡತ್ತೆ ಗದರುವಳು. "ಅಯ್ಯೋ, ಹೌದು ಅತ್ತಿಗೆ!" ಎಂದು ಅವಳು ಕೆನ್ನೆ ಬಡಿದುಕೊಳ್ಳುವಳು. ತಮ್ಮ, ತಮ್ಮನ ಮಗ ಅಡುಗೆ ಮಾಡಿದ ದಿನ ಸ್ವಲ್ಪ ಕಷ್ಟ. ಆ ಪೆದ್ದರ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಅಂಥ ದಿನ ಅಂದಾಜಿನ ಮೇಲೆ 'ಸರಿ' ಎಂದುಬಿಡುತ್ತಿದ್ದಳು. ಎಲ್ಲರೂ ತೆಪ್ಪಗೆ ಉಂಡು ಏಳುತ್ತಿದ್ದರು. ಎಲ್ಲರ ಕಣ್ಣಿಗೂ ಮಣ್ಣೆರಚಿದೆನೆಂದು ದೊಡ್ಡತ್ತೆ ಒಳಗೊಳಗೇ ಬೀಗುತ್ತಿದ್ದಳು.

ಅಷ್ಟರಲ್ಲಿ ಮನೆಗೆ ಹೊಸ ಸೊಸೆ ಬಂದಳು, ತಮ್ಮನ ಮಗನ ಹೆಂಡತಿ. ವಿದ್ಯುತ್ ಕಚೇರಿಯಲ್ಲಿ ದೂರು ತೆಗೆದುಕೊಳ್ಳುವ ಕಿಟಕಿಯಲ್ಲಿ ಅವಳಿಗೆ ಕೆಲಸ. ಇಡೀ ದಿನ ಊರವರ ಬೈಗುಳ ಕೇಳಿ ಕೇಳಿ ಅವಳ ಮುಖದಲ್ಲಿ ಒಂದು ನಗು ಅಂಟಿಕೊಂಡುಬಿಟ್ಟಿತ್ತು. ಸಂತೋಷಕ್ಕೂ ಅದೇ, ಸಿಟ್ಟಿಗೂ ಅದೇ, ಹಲ್ಲುನೋವಿಗೂ ಅದೇ.

ಅವಳ ಮೊದಲ ಅಡುಗೆಯ ದಿನ ಕುಂಬಳಕಾಯಿ ಸೂಪು. ದೊಡ್ಡತ್ತೆ ಚಮಚ ಅದ್ದಿ, ನೆಕ್ಕಿ, ಹುಡುಗಿಯ ಮುಖ ನೋಡಿದಳು. ನಗು. ಉಪ್ಪಿನ ಡಬ್ಬಿಯ ಕಡೆ ನೋಡಲಿಲ್ಲ, ನೀರಿನ ಕಡೆಯೂ ನೋಡಲಿಲ್ಲ. ಮತ್ತೊಮ್ಮೆ ಅದ್ದಿದಳು. ಮತ್ತದೇ ನಗು. ದೊಡ್ಡತ್ತೆಯ ಬೆನ್ನು ಬೆವರಿತು.

"ಸರಿಯಾಗಿದೆ" ಎಂದಳು, ಧೈರ್ಯ ಮಾಡಿ.

ಎಲ್ಲರೂ ಬಡಿಸಿಕೊಂಡು ಕೂತರು. ಸೊಸೆ ಒಂದು ಗುಟುಕು ಕುಡಿದು, ನಗುತ್ತಲೇ ಹೇಳಿದಳು. "ದೊಡ್ಡತ್ತೆ, ನಾನು ಉಪ್ಪು ಹಾಕೋದೇ ಮರೆತಿದ್ದೀನಿ. ಗಾಬರೀಲಿ ಹೀಗಾಯ್ತು. ನಿಮಗೆ ಗೊತ್ತಾಗಲಿಲ್ವಾ?"

ಉಳಿದ ಮೂವರ ಕೈ ಮೆಲ್ಲಗೆ ಮೇಜಿನಡಿಗೆ ಇಳಿಯಿತು.

"ಇಲ್ಲಪ್ಪ, ಹದವಾಗೇ ಇದೆ!" ಎಂದ ತಮ್ಮ, ಯಾರೂ ಕೇಳುವ ಮೊದಲೇ.

"ಬೊಂಬಾಟ್!" ಎಂದ ಅವನ ಮಗ, ಹೆಂಡತಿಯ ಕಾಲು ತುಳಿಯುತ್ತ.

ದೊಡ್ಡತ್ತೆ ಚಮಚ ಕೆಳಗಿಟ್ಟಳು. ಕೇಳದೆಯೇ ಉತ್ತರ ಕೊಡುವ ಈ ಮುಖಗಳನ್ನು ಅವಳು ಜೀವಮಾನವಿಡೀ ನೋಡಿದ್ದಳು. "ಯಾರೂ ಏಳ್ಬೇಡಿ. ಕೈಯೆಲ್ಲ ಮೇಜಿನ ಮೇಲೆ. ಕೈಯಲ್ಲಿರೋದೂ ಮೇಲೆ ಬರ್ಲಿ."

ತಮ್ಮನ ಕೈಯಲ್ಲಿ ಅವನ ಹಳೆಯ ನಶ್ಯದ ಡಬ್ಬಿ. ಮುಚ್ಚಳ ತೆಗೆದರೆ ಒಳಗೆ ಉಪ್ಪು. ಮಗನ ಕೈಯಲ್ಲಿ ಮಾತ್ರೆಯ ಖಾಲಿ ಸೀಸೆ, ಅದರಲ್ಲೂ ಉಪ್ಪು. ತಮ್ಮನ ಹೆಂಡತಿ ತಲೆ ತಗ್ಗಿಸಿ ಕರವಸ್ತ್ರದ ಗಂಟು ಬಿಚ್ಚಿದಳು.

"ಯಾವಾಗಿಂದ ನಡೀತಿದೆ ಇದು?"

"ನೀನು ಹಿತ್ತಿಲಲ್ಲಿ ನಿಂಬೆಹಣ್ಣನ್ನ ಕಿತ್ತಳೆ ಥರ ತಿಂದೆಯಲ್ಲ ಅಕ್ಕ, ಆವತ್ತಿಂದ" ಎಂದ ತಮ್ಮ. "ಕಿಟಕಿಯಿಂದ ನೋಡಿದೆ. ಅತ್ತಿದ್ದೂ ನೋಡಿದೆ."

"ಹೋಗ್ಲಿ, ನಿನ್ನ ಹೆಂಡತಿ ಅಡುಗೆಗೆ ನಾನು ಹೇಳಿದ್ದೆಲ್ಲ ಸರಿ ಇತ್ತಲ್ಲ?"

ತಮ್ಮನ ಹೆಂಡತಿಯೇ ಉತ್ತರಿಸಿದಳು. "ಬೇಕಂತಲೇ ಡಬ್ಬಿ ಕಡೆ ನೋಡ್ತಿದ್ದೆ ಅತ್ತಿಗೆ. ನಿಮಗೆ ಗೊತ್ತಾಗ್ಲಿ ಅಂತ. ಇವರಿಬ್ಬರಿಗೆ ನಟನೆ ಬರಲ್ಲ, ಅದಕ್ಕೇ ಇವರ ಅಡುಗೆಗೆ ಕದ್ದು ಹಾಕ್ಕೊಳ್ಳೋಕೆ ಈ ಉಪ್ಪು."

ರುಚಿ ಹೋದದ್ದಕ್ಕಿಂತ ಇದೇ ದೊಡ್ಡತ್ತೆಯನ್ನು ಹೆಚ್ಚು ನೋಯಿಸಿತು. ಎಂಥೆಂಥ ಖದೀಮರನ್ನು ಸೀಟಿನಡಿಯಿಂದ ಎಳೆದವಳಿಗೆ ಮನೆಯವರೇ ವರ್ಷವಿಡೀ ಚಳ್ಳೆಹಣ್ಣು ತಿನ್ನಿಸಿದ್ದರು! ಎದೆ ತುಂಬಿ ಬಂತು. ಅದನ್ನು ತೋರಿಸಿಕೊಳ್ಳುವುದು ಹೇಗೆಂದು ತಿಳಿಯದೆ ಸಿಟ್ಟು ಮಾಡಿದಳು.

"ಟಿಕೆಟ್ಟಿಲ್ಲದವರಿಗೆಲ್ಲ ದಂಡ" ಎಂದು ಡಬ್ಬಿ, ಸೀಸೆ, ಕರವಸ್ತ್ರ ಮೂರನ್ನೂ ಕಸಿದು, ಇದ್ದಬದ್ದ ಉಪ್ಪನ್ನೆಲ್ಲ ಸೂಪಿನ ಪಾತ್ರೆಗೆ ಸುರಿದು ಕಲಕಿದಳು. ಮೊಳೆಯ ಚಮಚ ಅದ್ದಿ, ಒಂದು ಕ್ಷಣ ತಡೆದು, ಅದನ್ನು ಹೊಸ ಸೊಸೆಯ ಕೈಗೆ ಕೊಟ್ಟಳು.

ಸೊಸೆ ಕುಡಿದಳು. ಕಣ್ಣಲ್ಲಿ ನೀರು ಬಂತು, ನಗು ಮಾತ್ರ ಅಲ್ಲಾಡಲಿಲ್ಲ. "ಬಾಯಿಗಿಡೋ ಹಾಗಿಲ್ಲ, ದೊಡ್ಡತ್ತೆ."

"ನೋಡಿ, ಟಿಕೆಟ್ ತಗೊಂಡು ಹತ್ತಿದವಳು ಇವಳೊಬ್ಬಳು" ಎಂದಳು ದೊಡ್ಡತ್ತೆ. "ನಾಳೆಯಿಂದ ಚಮಚ ಇವಳದು." ಎದ್ದು ಒಲೆಯ ಪಕ್ಕದ ಕುರ್ಚಿಯನ್ನು ಗೋಡೆಯ ಕಡೆ ಎಳೆಯಹೋದಳು.

ಸೊಸೆ ಕುರ್ಚಿಯ ಬೆನ್ನು ಹಿಡಿದುಕೊಂಡಳು. "ಇದೆಲ್ಲಿಗೆ ಒಯ್ತಿದ್ದೀರಿ? ಉಪ್ಪು ಕಮ್ಮಿ ಅಂತ ನಾನು ಕಿವಿಯಲ್ಲಿ ಹೇಳಬಲ್ಲೆ, ಅಷ್ಟೇ. ಬೈಸಿಕೊಂಡು ಅಭ್ಯಾಸ, ಬೈಯೋಕೆ ನನಗೆ ಬರಲ್ಲ. ಅದನ್ಯಾರು ಮಾಡ್ತಾರೆ?"

ಆ ರಾತ್ರಿ ಮನೆಮಂದಿಯೆಲ್ಲ ಒಣ ಬ್ರೆಡ್ಡು ತಿಂದು ಮಲಗಿದರು. ಮರುದಿನ ಸಂಜೆ ತಮ್ಮನ ಸರದಿ. ಸೊಸೆ ರುಚಿ ನೋಡಿ ದೊಡ್ಡತ್ತೆಯ ಕಿವಿಯಲ್ಲಿ ಎರಡೇ ಮಾತು ಹೇಳಿದಳು. ಕುರ್ಚಿಯಿಂದ ಹೊರಟ ಗದರಿಕೆ ಬೀದಿಯ ಆ ತುದಿಗೂ ಕೇಳಿಸಿತು.