ಪೈಪು ಅನ್ನಿ ಅಂದಿದ್ದರು

ಆರಿನ್ ಟ್ರಾಸ್ಕ್ ಮೂವತ್ತೊಂದು ವರ್ಷ ಒಂದೇ ಕೆಲಸ ಮಾಡಿದ. ನಮ್ಮ ಕಾರ್ಖಾನೆಯಲ್ಲಿ ತಯಾರಾದ ಪ್ರತಿ ಬೇಟೆ ಬಂದೂಕಿನ ನಳಿಗೆಗೂ ಎರಡು ಪಟ್ಟು ಮದ್ದು ತುಂಬಿ, ಗೋಡೆಯ ಆಚೆ ನಿಂತು ಹಾರಿಸಿ ನೋಡುವುದು. ಸಿಡಿಯದಿದ್ದರೆ ಅದು ಅಂಗಡಿಗೆ ಹೋಗುತ್ತಿತ್ತು. ಪಕ್ಕದ ಕೋಣೆಯಲ್ಲಿ ಬಂದೂಕಿನ ಮರದ ಹಿಡಿ ಉಜ್ಜುತ್ತಿದ್ದವಳು ನಾನು. ಅವನ ತಮ್ಮ ಕ್ಲೈಡ್ ಅದೇ ಕಾರ್ಖಾನೆಯಲ್ಲಿ, ಖಾಲಿ ಎಂದುಕೊಂಡಿದ್ದ ಬಂದೂಕು ಹಾರಿ ಸತ್ತಿದ್ದ. ಅಂದಿನಿಂದ ಆರಿನ್ ಎದುರು ಯಾರಾದರೂ ನಳಿಗೆಯ ಬಾಯಿಯನ್ನು ಮನುಷ್ಯರ ಕಡೆ ತಿರುಗಿಸಿದರೆ ಕೈಮೇಲೆ ಏಟು ಬೀಳುತ್ತಿತ್ತು. ಮಾಲೀಕ ವಾರೆನ್‌ಗೂ ಒಮ್ಮೆ ಬಿದ್ದಿದೆ.

ಆ ವರ್ಷ ಅಕ್ಟೋಬರ್‌ನಲ್ಲಿ ಬ್ಯಾಂಕಿನ ಕಾಗದ ಬಂತು. ಬಂದೂಕು ತಯಾರಿಸುವವರ ಜೊತೆ ಇನ್ನು ವ್ಯವಹಾರವಿಲ್ಲ, ಮೂವತ್ತು ದಿನದಲ್ಲಿ ಖಾತೆ ಮುಚ್ಚುತ್ತೇವೆ ಎಂದು. ಎಲ್ಲೋ ಯಾರೋ ಮಕ್ಕಳನ್ನು ಗುಂಡಿಟ್ಟು ಕೊಂದಿದ್ದ. ನಾವೂ ಆ ಸುದ್ದಿ ನೋಡಲಾರದೆ ಟೀವಿ ಆರಿಸಿದ್ದೆವು. ಆದರೆ ಜಿಂಕೆ ಬೇಟೆಯ ಮೊದಲ ದಿನ ಶಾಲೆಗೇ ರಜೆ ಕೊಡುವ ಪೆನ್ಸಿಲ್ವೇನಿಯಾದ ಊರು ನಮ್ಮದು. ಕಾಗದಕ್ಕೆ ಸಹಿ ಹಾಕಿದ ಮ್ಯಾನೇಜರನ ಮನೆಯ ಫ್ರೀಜರಿನ ತುಂಬ ನಮ್ಮ ಬಂದೂಕಿನಿಂದ ಹೊಡೆದ ಜಿಂಕೆಯ ಮಾಂಸವೇ. ನಾಚಿಕೆಗೆಟ್ಟವನು.

ಉಳಿದವರಿಗೆ ಸಂಬಳದ ಚಿಂತೆಯಾದರೆ ಆರಿನ್‌ಗೆ ಹೆಂಡತಿಯ ಚಿಂತೆ. ಲಿಯೋನಾಳ ಹೃದಯದ ಕವಾಟ ಕೆಟ್ಟಿತ್ತು. ಡಿಸೆಂಬರ್ ನಾಲ್ಕಕ್ಕೆ ಆಪರೇಷನ್. ಖರ್ಚೆಲ್ಲ ಕಾರ್ಖಾನೆಯ ಆರೋಗ್ಯ ವಿಮೆಯದು, ವಿಮೆಯ ಕಂತು ಹೋಗುತ್ತಿದ್ದದ್ದು ಆ ಖಾತೆಯಿಂದ. ಖಾತೆ ಹೋದರೆ ವಿಮೆ ಹೋಯಿತು, ವಿಮೆ ಹೋದರೆ ಲಿಯೋನಾ ಹೋದಳು.

ವಾರೆನ್‌ನನ್ನು ಮೂರು ಬ್ಯಾಂಕುಗಳು ಬಾಗಿಲಲ್ಲೇ ಸಾಗಹಾಕಿದವು. ನಾಲ್ಕನೆಯದಕ್ಕೆ ಅವನು ‘ಲೋಹದ ಪೈಪು ತಯಾರಕರು’ ಎಂದು ಬರೆದುಕೊಟ್ಟ. ನೋಡಿ ಬರಲು ಅವರು ಒಬ್ಬಳನ್ನು ಕಳಿಸುವವರಿದ್ದರು. ನಾವು ಬಂದೂಕುಗಳನ್ನೆಲ್ಲ ಬೇರೆಡೆ ಸಾಗಿಸಿ, ಬರೀ ನಳಿಗೆಗಳನ್ನು ಮೇಜಿನ ಮೇಲೆ ಜೋಡಿಸಿದೆವು.

“ಏನ್ ಕೇಳಿದ್ರೂ ಪೈಪು ಅನ್ನು,” ಎಂದು ವಾರೆನ್ ಆರಿನ್‌ಗೆ ಹೇಳಿದ. “ಬಾಯ್ ಬಿಟ್ರೆ ಅದೊಂದೇ ಮಾತು ಬರ್ಬೇಕು.”

“ಹೆಂಡ್ತೀನೂ ಇವತ್ತು ಪೈಪು ಅಂತಾನೇ ಕರೀತೀನಿ, ಸಾಕಾ?”

ಎಲ್ಲರೂ ನಕ್ಕೆವು.

ಬ್ಯಾಂಕಿನವಳು ಎಳೆಯ ಹುಡುಗಿ, ನಗುಮುಖದವಳು. ಎಲ್ಲವೂ ಅವಳಿಗೆ ಹಿಡಿಸಿತು. ಆರಿನ್ ಹೇಳಿಕೊಟ್ಟಂತೆಯೇ ಆರು ಸಲ ಪೈಪು ಅಂದ. ಹೊರಡುವ ಮುಂಚೆ ಅವಳು ಒಂದು ನಳಿಗೆ ಎತ್ತಿ, ದುರ್ಬೀನಿನ ಹಾಗೆ ಕಣ್ಣಿಗಿಟ್ಟು ನನ್ನ ಕಡೆ ತಿರುಗಿದಳು.

“ಅಯ್ಯೋ, ನೀವೆಷ್ಟು ಪುಟ್ಟದಾಗಿ ಕಾಣ್ತೀರ!”

ಆರಿನ್‌ನ ಕೈ ಎದ್ದದ್ದು ಕಂಡಿತು. ತಡೆಯಲು ಹೊತ್ತಿರಲಿಲ್ಲ. ನಳಿಗೆ ನೆಲಕ್ಕೆ ಬಿತ್ತು.

“ತಲೆ ನೆಟ್ಟಗಿದೆಯಾ ನಿಂಗೆ? ಮನುಷ್ಯರ ಕಡೆ ತಿರುಗಿಸ್ತೀಯಾ? ತುಂಬಿದೆ ಅಂತಾನೇ ತಿಳ್ಕೋಬೇಕು, ಯಾವಾಗ್ಲೂ!”

ಅವಳು ಮಣಿಕಟ್ಟು ಉಜ್ಜಿಕೊಳ್ಳುತ್ತ ಅವನನ್ನೇ ನೋಡಿದಳು. “ಪೈಪಿಗೆ ಏನ್ ತುಂಬ್ತೀರಿ?”

“ನೀರು,” ಎಂದೆ ನಾನು. ಯಾರೂ ನಗಲಿಲ್ಲ. ಅವಳು ನಳಿಗೆ ಎತ್ತಿಕೊಂಡು, ಈ ಸಲ ಬೆಳಕಿಗೆ ಹಿಡಿದು, ಬಂದೂಕಿಗಲ್ಲದೆ ಬೇರಾವ ಪೈಪಿಗೂ ಇರದ ಒಳಗಿನ ಸುರುಳಿ ಗೀರುಗಳನ್ನು ನೋಡಿ, ಮೆಲ್ಲಗೆ ಕೆಳಗಿಟ್ಟು ಹೋದಳು.

“ನಿನ್ನ ಹೆಂಡ್ತೀನ ನೀನೇ ಕೊಂದೆ ಕಣೋ,” ಎಂದ ವಾರೆನ್, ಎಲ್ಲರ ಮುಂದೆ. ಕೆಲಸದ ಹದಿನಾಲ್ಕು ಜನರಲ್ಲಿ ಒಬ್ಬರೂ ಹಾಗನ್ನಬೇಡ ಅನ್ನಲಿಲ್ಲ. ಆ ಏಟು ಬಿದ್ದದ್ದು ನನ್ನ ಸಲುವಾಗಿ, ಆದರೂ ನಾನು ಹೌದೆಂದು ತಲೆಯಾಡಿಸಿದೆ. ನನ್ನ ಸಂಬಳವೂ ಹೋಗಿತ್ತಲ್ಲ.

ನವೆಂಬರ್ ಮೂವತ್ತಕ್ಕೆ ವಿಮೆ ನಿಂತಿತು. ಆಸ್ಪತ್ರೆಯವರು ಬಹಳ ನಯವಾಗಿ ಫೋನ್ ಮಾಡಿ ಆಪರೇಷನ್ ಪಟ್ಟಿಯಿಂದ ಹೆಸರು ತೆಗೆದರು. ಅಂದು ನಾನು ಕೋಳಿ ಸಾರು ತೆಗೆದುಕೊಂಡು ಅವರ ಮನೆಗೆ ಹೋಗಿದ್ದೆ. ಲಿಯೋನಾ ದಿಂಬಿಗೆ ಒರಗಿ ಕೂತಿದ್ದಳು, ತುಟಿ ನೀಲಿಗಟ್ಟಿತ್ತು.

“ನನಗೋಸ್ಕರ ಒಂದೇ ಒಂದ್ ಸಲ ಕೈ ಸುಮ್ನಿಟ್ಕೊಳ್ಳೋಕೆ ಆಗ್ಲಿಲ್ವಾ, ಆರಿನ್?”

ಸುಳ್ಳು ಹೇಳಬಹುದಿತ್ತು. ತಪ್ಪಾಯಿತು ಅಂದಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಅವನು ಅವಳ ಹೊದಿಕೆ ಸರಿಮಾಡಿ ಹೇಳಿದ: “ಇನ್ನೊಂದ್ ಸಲ ಯಾರಾದ್ರೂ ಹಾಗ್ ತಿರುಗಿಸಿದ್ರೆ ಆಗ್ಲೂ ಹೊಡೀತೀನಿ, ಲಿಯೋನಾ.”

ಅವಳು ಗೋಡೆಯ ಕಡೆ ಮಗ್ಗುಲಾದಳು. ಆಮೇಲೆ ಹನ್ನೊಂದು ದಿನ ಬದುಕಿದ್ದಳು. ನನ್ನ ಕೈಯಿಂದ ಸಾರು ಕುಡಿದಳು. ಅವನು ಚಮಚ ಹಿಡಿದು ಬಂದರೆ ಬಾಯಿ ತೆರೆಯಲಿಲ್ಲ.